ಮೈಲೇಜ್ ಇಳಿದದ್ದಕ್ಕೆಲ್ಲ ಎಥನಾಲ್ ಒಂದೇ ಕಾರಣವಾ?

ಪ್ರಶ್ನೆ: ನಮ್ಮ ಮನೆಯಲ್ಲಿ ಮೂರು ಪೆಟ್ರೋಲ್ ಗಾಡಿ ಇವೆ. 2014ರ ಕಾರು, 2011ರ ಸ್ಕೂಟರ್, ಮಗನ 2016ರ ಬೈಕು. ಒಂದೂವರೆ ವರ್ಷದ ಹಿಂದೆ ಕಾರು ಲೀಟರ್‌ಗೆ 16 ಕಿಲೋಮೀಟರ್ ಕೊಡುತ್ತಿತ್ತು, ಈಗ 13ಕ್ಕೆ ಬಂದಿದೆ. ವರ್ಷಕ್ಕೆ 12 ಸಾವಿರ ಕಿಲೋಮೀಟರ್ ಓಡಿಸುತ್ತೇನೆ. ಸ್ಕೂಟರ್ ಬೆಳಗ್ಗೆ ಹತ್ತು ಕಿಕ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಮಗ ಬೇರೆ ಊರಿಗೆ ಕೆಲಸಕ್ಕೆ ಹೋದಮೇಲೆ ಬೈಕು ಏಳು ತಿಂಗಳಿಂದ ಮೂಲೆಯಲ್ಲಿ ನಿಂತಿದೆ. ಮೆಕ್ಯಾನಿಕ್ ಕೇಳಿದರೆ "ಎಲ್ಲಾ ಎಥನಾಲ್ ಮಹಿಮೆ ಸಾರ್, ಪಂಪ್ ಚೇಂಜ್ ಮಾಡಿಸಿ, ಜೊತೆಗೊಂದು ಬಾಟಲಿ ಆಡಿಟಿವ್ ಹಾಕೋಣ" ಅನ್ನುತ್ತಾರೆ. ಸರ್ಕಾರ ಏನೂ ಆಗುವುದಿಲ್ಲ ಅನ್ನುತ್ತದೆ. ಯಾರ ಮಾತು ನಂಬಲಿ? ಕಾರು ಮಾರಿಬಿಡಬೇಕಾ?
ಓದುಗರು, ತುಮಕೂರು

ಉತ್ತರ: ಕಾರು ಮಾರಬೇಡಿ. ಪಂಪನ್ನೂ ಈಗಲೇ ಬದಲಾಯಿಸಬೇಡಿ. ನೀವು ಬರೆದಿರುವ ಎರಡು ಅಂಕಿ ಇಟ್ಟುಕೊಂಡು ಮೊದಲು ಒಂದು ಲೆಕ್ಕ ಹಾಕೋಣ. ಅರ್ಧ ಉತ್ತರ ಅಲ್ಲೇ ಇದೆ.

16ರಿಂದ 13 ಅಂದರೆ ಸುಮಾರು 19 ಪರ್ಸೆಂಟ್ ಇಳಿತ. ಎಥನಾಲ್ ಅಂದರೆ ಕಬ್ಬು, ಧಾನ್ಯಗಳಿಂದ ತೆಗೆದು ಪೆಟ್ರೋಲ್‌ಗೆ ಬೆರೆಸುವ ಆಲ್ಕೋಹಾಲ್. ಅದೊಂದರಿಂದಲೇ ಇಷ್ಟು ಇಳಿಯುವುದಿಲ್ಲ. ಒಂದು ಲೀಟರ್ ಬರೀ ಪೆಟ್ರೋಲ್‌ನಲ್ಲಿ ಹೆಚ್ಚುಕಮ್ಮಿ 32 ಮೆಗಾಜೂಲ್ ಶಕ್ತಿ ಇರುತ್ತದೆ. ಒಂದು ಲೀಟರ್ ಎಥನಾಲ್‌ನಲ್ಲಿ ಇರುವುದು 21. ಯಾಕೆ ಇಷ್ಟು ಕಡಿಮೆ ಅಂದರೆ, ಎಥನಾಲ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡಿರುತ್ತದೆ. ಅದರ ತೂಕದಲ್ಲಿ ಮೂರನೇ ಒಂದು ಪಾಲು ಆಮ್ಲಜನಕವೇ. ಒಲೆಗೆ ಅರ್ಧ ಸುಟ್ಟ ಕೊಳ್ಳಿ ಇಟ್ಟ ಹಾಗೆ. ಉರಿಯುತ್ತದೆ, ಆದರೆ ಉರಿಯಬೇಕಾದದ್ದು ಸ್ವಲ್ಪ ಮೊದಲೇ ಉರಿದುಹೋಗಿರುತ್ತದೆ. ಐದರಲ್ಲಿ ಒಂದು ಪಾಲು ಇದನ್ನು ಬೆರೆಸಿದರೆ ಲೀಟರಿನ ಶಕ್ತಿ 30ಕ್ಕಿಂತ ಚೂರು ಕೆಳಗೆ ಬರುತ್ತದೆ. ಎಥನಾಲ್ ಇಲ್ಲದ ಪೆಟ್ರೋಲ್‌ಗಿಂತ ಆರೂವರೆ, ಏಳು ಪರ್ಸೆಂಟ್ ಕಡಿಮೆ.

ಆದರೆ ನೀವು ಮೊದಲು ಹಾಕಿಸುತ್ತಿದ್ದದ್ದೂ ಬರೀ ಪೆಟ್ರೋಲ್ ಆಗಿರಲಿಲ್ಲ. ಬೆರಕೆ 2003ರ ಜನವರಿಯಲ್ಲೇ 9 ರಾಜ್ಯಗಳಲ್ಲಿ 5 ಪರ್ಸೆಂಟ್ ಲೆಕ್ಕದಲ್ಲಿ ಶುರುವಾಗಿತ್ತು. 2022ರ ಜೂನ್ ಹೊತ್ತಿಗೆ ದೇಶದ ಸರಾಸರಿ 10 ಪರ್ಸೆಂಟ್ ಮುಟ್ಟಿತು. 20 ಪರ್ಸೆಂಟಿನ ಪೆಟ್ರೋಲ್, ಅಂದರೆ ಇ20, ಮಾರಾಟಕ್ಕೆ ಬಂದದ್ದು 2023ರ ಫೆಬ್ರುವರಿ 6ರಂದು, ಅದೂ ನಮ್ಮ ಬೆಂಗಳೂರಿನ ಸಮಾರಂಭದಲ್ಲೇ. ಆಗ ಅದು 84 ಬಂಕ್‌ಗಳಲ್ಲಿ ಮಾತ್ರ ಸಿಗುತ್ತಿತ್ತು. 2025ಕ್ಕೆ ದೇಶದ ಎಲ್ಲಾ ಕಡೆ ಅದೇ ಮಾಮೂಲಿ ಪೆಟ್ರೋಲ್ ಆಗಿಹೋಯಿತು. ಅಂದರೆ ನಿಮ್ಮ ಕಾರಿನ ಮಟ್ಟಿಗೆ ಆಗಿರುವ ಬದಲಾವಣೆ ಹೆಚ್ಚೆಂದರೆ 10ರಿಂದ 20ಕ್ಕೆ. ಶಕ್ತಿಯ ಲೆಕ್ಕದಲ್ಲಿ ಮೂರೂವರೆ ಪರ್ಸೆಂಟ್.

ಸರ್ಕಾರದ ಕಾಗದಗಳೂ ಇದರ ಆಸುಪಾಸಿನ ಅಂಕಿಯನ್ನೇ ಕೊಡುತ್ತವೆ. 2021ರ ಜೂನ್‌ನಲ್ಲಿ ಬಂದ ನೀತಿ ಆಯೋಗದ ವರದಿ ಹಳೇ ವಿನ್ಯಾಸದ ಕಾರುಗಳಿಗೆ 6ರಿಂದ 7 ಪರ್ಸೆಂಟ್, ಅಂಥದ್ದೇ ದ್ವಿಚಕ್ರ ಗಾಡಿಗಳಿಗೆ 3ರಿಂದ 4 ಪರ್ಸೆಂಟ್ ಮೈಲೇಜ್ ನಷ್ಟ ಎಂದು ಅಂದಾಜು ಮಾಡಿತ್ತು. ಇ20ಗೆ ತಕ್ಕ ಹಾಗೆ ಟ್ಯೂನ್ ಮಾಡಿದ ಕಾರಿಗೆ 1ರಿಂದ 2. ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಹೇಳಿಕೆ ಕೊಟ್ಟಾಗ ಹಳೇ ಗಾಡಿಗಳ ಅಂಕಿ 3ರಿಂದ 6 ಆಗಿತ್ತು. ಏನೂ ಆಗುವುದಿಲ್ಲ ಎನ್ನುವುದು ಟಿವಿ ಚರ್ಚೆಯ ಮಾತು. ಕಾಗದದಲ್ಲಿ ನಷ್ಟ ಬರೆದೇ ಇದೆ.

ನಾನು ನಿಮ್ಮ ಪರವಾಗಿ ಜಾಸ್ತಿಯೇ ಹಿಡಿಯುತ್ತೇನೆ, 6 ಪರ್ಸೆಂಟ್ ಅನ್ನೋಣ. ಆಗ 16 ಕೊಡುತ್ತಿದ್ದ ಕಾರು 15 ಕೊಡಬೇಕು. ವರ್ಷಕ್ಕೆ 750 ಲೀಟರ್ ಕುಡಿಯುತ್ತಿದ್ದದ್ದು 800 ಕುಡಿಯುತ್ತದೆ. ಲೀಟರ್‌ಗೆ 103 ರೂಪಾಯಿ ಹಿಡಿದರೆ 5,150 ರೂಪಾಯಿ ಜಾಸ್ತಿ ಖರ್ಚು. ಇದು ಎಥನಾಲ್‌ನ ಪಾಲು. ಸಣ್ಣ ದುಡ್ಡೇನಲ್ಲ. ಆದರೆ 13 ಕೊಡುತ್ತಿದೆ ಅಂದರೆ ನಿಮ್ಮ ಕಾರು ಈಗ 923 ಲೀಟರ್ ಕುಡಿಯುತ್ತಿದೆ. ಉಳಿದ 123 ಲೀಟರ್, ಸುಮಾರು ಹನ್ನೆರಡೂವರೆ ಸಾವಿರ ರೂಪಾಯಿ, ಬೇರೆ ಯಾವುದೋ ತೂತಿನಲ್ಲಿ ಸೋರಿಹೋಗುತ್ತಿದೆ. ಎಥನಾಲ್ ಮೇಲೆ ಹಾಕಿ ಸುಮ್ಮನಾದರೆ ಆ ತೂತು ಮುಚ್ಚುವುದೇ ಇಲ್ಲ.

ನನಗೆ ಈ ವಿಷಯದಲ್ಲಿ ಸಿಟ್ಟು ಬರುವುದು ಇಲ್ಲಿಯೇ. ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ಪಾಠ ಮಾಡಿ ರಿಟೈರ್ ಆದವನು ನಾನು. ಶನಿವಾರ ಸಂಜೆ ಹಳೇ ವಿದ್ಯಾರ್ಥಿಯ ಗ್ಯಾರೇಜಿನಲ್ಲಿ ಹೋಗಿ ಕೂರುವ ಚಟ ಇದೆ. ಈಗ ಅಲ್ಲಿಗೆ ಬರುವ ಹತ್ತರಲ್ಲಿ ಆರು ಜನ ಎಥನಾಲ್ ಹೆಸರು ಹೇಳಿಕೊಂಡೇ ಬರುತ್ತಾರೆ. ಒಬ್ಬರು ಮೈಲೇಜ್ ಬಿದ್ದಿದೆ ಎಂದು ಬೇರೆ ಕಡೆ ಇಂಜೆಕ್ಟರ್ ಕ್ಲೀನಿಂಗು, ಪಂಪು ಎಂದು ಖರ್ಚು ಮಾಡಿಕೊಂಡು ಬಂದಿದ್ದರು. ನಮ್ಮ ಹುಡುಗ ಒಂದು ಸುತ್ತು ಹೊಡೆಸಿಕೊಂಡು ಬಂದು ನಾಲ್ಕೂ ಚಕ್ರದ ಡಿಸ್ಕ್ ಹತ್ತಿರ ಅಂಗೈ ಹಿಡಿದ. ಮುಂದಿನ ಎಡ ಚಕ್ರ ಕಾದ ಕಾವಲಿ ಹಾಗಿತ್ತು. ಬ್ರೇಕ್ ಪಿನ್ ತುಕ್ಕು ಹಿಡಿದು ಪ್ಯಾಡ್ ಹಿಂದಕ್ಕೆ ಸರಿಯುತ್ತಿರಲಿಲ್ಲ. ಪಿನ್ ತೆಗೆದು ಉಜ್ಜಿ, ಗ್ರೀಸ್ ಹಾಕಿ ಕೂರಿಸಿದ. ಅಷ್ಟೇ ಕೆಲಸ. ಅದಕ್ಕೂ ಎಥನಾಲ್‌ಗೂ ಏನು ಸಂಬಂಧ ಹೇಳಿ?

ನಿಮ್ಮ ಕಾರಿಗೂ ಇದೇ ದಾರಿ ಹಿಡಿಯಿರಿ. ಮೊದಲು ಮೈಲೇಜನ್ನು ಸರಿಯಾಗಿ ಅಳೆಯಿರಿ. ಡ್ಯಾಶ್‌ಬೋರ್ಡ್ ತೋರಿಸುವುದು ಅಂದಾಜು. ಒಂದೇ ಬಂಕ್‌ನಲ್ಲಿ, ಗನ್ ತಾನಾಗಿ ಕಟ್ ಆಗುವವರೆಗೆ ತುಂಬಿಸಿ. ಮತ್ತೆ ಅದೇ ಬಂಕ್‌ನಲ್ಲಿ ಅದೇ ರೀತಿ ತುಂಬಿಸಿ, ಓಡಿದ ಕಿಲೋಮೀಟರನ್ನು ಲೀಟರಿನಿಂದ ಭಾಗಿಸಿ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಟೈರ್‌ಗೆ ಗಾಳಿ, ಏರ್ ಫಿಲ್ಟರ್, ಪ್ಲಗ್, ಬ್ರೇಕ್ ನೋಡಿಸಿ. 2014ರ ಕಾರು ಅಂದರೆ ಸೈಲೆನ್ಸರ್ ಪೈಪಿನಲ್ಲಿ ಕೂತಿರುವ ಆಕ್ಸಿಜನ್ ಸೆನ್ಸರ್ ಬದಲಾಯಿಸುವ ವಯಸ್ಸೂ ಆಗಿರಬಹುದು. ಅದು ಮುದಿಯಾದರೆ ಇಂಜಿನ್‌ಗೆ ಬೇಡದಷ್ಟು ಪೆಟ್ರೋಲ್ ಹೋಗುತ್ತದೆ.

ಮೆಕ್ಯಾನಿಕ್ ಹತ್ತಿರ ಸ್ಕ್ಯಾನರ್ ಇದ್ದರೆ ಒಂದು ಅಂಕಿ ಕೇಳಿ: ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ಎಷ್ಟಿದೆ? ಇದು ಬಹಳ ಉಪಯೋಗದ ಅಂಕಿ, ಕೇಳುವವರು ಕಡಿಮೆ. ಬರೀ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಕಿಲೋಗೆ 14.7 ಕಿಲೋ ಗಾಳಿ ಬೇಕು. ಎಥನಾಲ್‌ಗೆ 9 ಸಾಕು. ಹಾಗಾಗಿ ಇ20 ಬಂದಾಗ ಅದೇ ಗಾಳಿಗೆ ಸ್ವಲ್ಪ ಜಾಸ್ತಿ ಇಂಧನ ಹಾಕಬೇಕು. ನಿಮ್ಮ ಕಾರಿನ ಕಂಪ್ಯೂಟರ್ ಆಕ್ಸಿಜನ್ ಸೆನ್ಸರ್ ಮಾತು ಕೇಳಿ ತಾನೇ ಅದನ್ನು ಸರಿಮಾಡಿಕೊಳ್ಳುತ್ತದೆ. ಎಷ್ಟು ಸರಿಮಾಡಿಕೊಂಡಿದೆ ಅನ್ನುವುದೇ ಈ ಟ್ರಿಮ್. ಪ್ಲಸ್ ನಾಲ್ಕೈದು ಪರ್ಸೆಂಟ್ ತೋರಿಸಿದರೆ ಅದು ಎಥನಾಲ್ ಕೆಲಸ, ತಲೆ ಕೆಡಿಸಿಕೊಳ್ಳಬೇಡಿ. ಪ್ಲಸ್ ಹತ್ತು ದಾಟಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ, ಇಲ್ಲವೇ ಪಂಪ್ ಪ್ರೆಷರ್ ಇಳಿದಿದೆ. ಆಗ ಪಂಪಿನ ಮಾತು ಆಡೋಣ, ಅದೂ ಪ್ರೆಷರ್ ಗೇಜ್ ಹಾಕಿ ನೋಡಿದ ಮೇಲೆ. ಮೈನಸ್ ತೋರಿಸಿದರೆ ಪೆಟ್ರೋಲ್ ಎಲ್ಲಿಂದಲೋ ಜಾಸ್ತಿ ಬರುತ್ತಿದೆ ಎಂದರ್ಥ. ಅದನ್ನು ಎಥನಾಲ್ ಮಾಡುವುದಿಲ್ಲ.

ಆ ಆಡಿಟಿವ್ ಬಾಟಲಿ ಬಗ್ಗೆ ಎರಡೇ ಮಾತು. ಕಡಿಮೆಯಾದ ಶಕ್ತಿಯನ್ನು ಒಂದು ಸಣ್ಣ ಬಾಟಲಿ ವಾಪಸ್ ತರಲಾರದು. ನೀರು ತೆಗೆಯುತ್ತದೆ ಎಂದು ಮಾರುವ ಎಷ್ಟೋ ಬಾಟಲಿಗಳಲ್ಲಿ ಇರುವುದು ಇನ್ನೊಂದು ಬಗೆಯ ಆಲ್ಕೋಹಾಲೇ!

ಈಗ ಸ್ಕೂಟರ್. ಎಥನಾಲ್ ನಿಜಕ್ಕೂ ಕೈ ತೋರಿಸುವುದು ಇಂಥ ಗಾಡಿಗಳಲ್ಲಿ. 2020ರ ಏಪ್ರಿಲ್‌ನಲ್ಲಿ ಗಾಡಿ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬರುವವರೆಗೆ ನಮ್ಮ ಸ್ಕೂಟರ್, ಬೈಕುಗಳಲ್ಲಿ ಹೆಚ್ಚಿನವಕ್ಕೆ ಕಾರ್ಬೊರೇಟರ್, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್‌ಗೆ ಕಳಿಸುವ ಭಾಗ, ಇತ್ತು. ಕಾರ್ಬೊರೇಟರ್‌ಗೆ ಕಂಪ್ಯೂಟರೂ ಇಲ್ಲ, ಸೆನ್ಸರೂ ಇಲ್ಲ. ಅದರ ಜೆಟ್ಟಿನ ತೂತು ಎಷ್ಟಿದೆಯೋ ಅಷ್ಟೇ ಇಂಧನ. ಪೆಟ್ರೋಲ್ ಬದಲಾದದ್ದು ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಮಿಕ್ಸ್ಚರ್ ತೆಳುವಾಗುತ್ತದೆ, ಮೆಕ್ಯಾನಿಕ್‌ಗಳ ಭಾಷೆಯಲ್ಲಿ ಲೀನ್. ಪಿಕಪ್ ತಡವರಿಸುತ್ತದೆ, ಇಂಜಿನ್ ಸ್ವಲ್ಪ ಜಾಸ್ತಿ ಬಿಸಿ, ಪ್ಲಗ್ ತೆಗೆದರೆ ಇಟ್ಟಿಗೆ ಬಣ್ಣದ ಬದಲು ಬಿಳಿಚಿಕೊಂಡಿರುತ್ತದೆ. ಎಥನಾಲ್ ಆವಿಯಾಗಲು ಪೆಟ್ರೋಲ್‌ಗಿಂತ ಎರಡು ಪಟ್ಟಿಗೂ ಮೀರಿ ಶಾಖ ಬೇಕು. ಅದಕ್ಕೇ ತಣ್ಣಗಿರುವ ಬೆಳಗ್ಗೆ ಇಂಜಿನ್ ಏಳಲು ಹಟ ಮಾಡುತ್ತದೆ. ತುಮಕೂರಿನ ಡಿಸೆಂಬರ್ ಬೆಳಗ್ಗೆಗೆ ಹತ್ತು ಕಿಕ್ ಬೇಕಾಗುವಷ್ಟು ಚಳಿ ಇರುವುದಿಲ್ಲ, ಅದು ನಿಜ. ಅಷ್ಟಾಗುತ್ತಿದೆ ಎಂದರೆ ಕಾರ್ಬೊರೇಟರ್ ಒಳಗೇನೋ ಕೂತಿದೆ.

ಏನು ಕೂತಿರುತ್ತದೆ ಅಂತ ಹೇಳುತ್ತೇನೆ. ಕಳೆದ ಮಳೆಗಾಲದಲ್ಲಿ ನಿಮ್ಮದೇ ವಯಸ್ಸಿನ ಒಂದು ಸ್ಕೂಟರಿನ ಕಾರ್ಬೊರೇಟರ್ ಬಿಚ್ಚಿದೆವು. ಕೆಳಗೆ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲ್‌ನಲ್ಲಿ ಸುಣ್ಣದ ಪುಡಿ ಉದುರಿಸಿದ ಹಾಗೆ ಬಿಳೀ ಪದರ. ಅದು ಬೌಲ್‌ನ ಲೋಹವೇ, ನೀರು ಸೇರಿದ ಎಥನಾಲ್ ತಿಂದು ಉಗುಳಿದ್ದು. ಸ್ಟಾರ್ಟ್ ಮಾಡುವಾಗ ಇಂಧನ ಕೊಡುವ ಪೈಲಟ್ ಜೆಟ್ ದೀಪಕ್ಕೆ ಹಿಡಿದರೆ ಬೆಳಕಿನ ಚುಕ್ಕಿ ಕಾಣಬೇಕು, ಕಾಣಲಿಲ್ಲ. ಬೌಲಿನ ಸುತ್ತ ಇರುವ ರಬ್ಬರ್ ರಿಂಗ್ ಅನ್ನು ಹುಡುಗ ತೆಗೆದು ಪಕ್ಕಕ್ಕಿಟ್ಟ, ಕ್ಲೀನ್ ಮಾಡಿ ವಾಪಸ್ ಕೂರಿಸಲು ಹೋದರೆ ತನ್ನ ಜಾಗದಲ್ಲಿ ಕೂರಲೇ ಇಲ್ಲ. ಉಬ್ಬಿ, ಉದ್ದವಾಗಿ, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದು ಬರುತ್ತಿತ್ತು. ಅರ್ಧ ಗಂಟೆ ಬಿಸಿಲಲ್ಲಿ ಇಟ್ಟ ಮೇಲೆ ಕುಗ್ಗಿತು. ಕುಗ್ಗಿದ ಮೇಲೆ ಗಟ್ಟಿಯಾಗಿತ್ತು. ಹೀಗೆ ಉಬ್ಬಿ ಕುಗ್ಗಿ ಉಬ್ಬಿ ಕುಗ್ಗಿಯೇ ಹಳೇ ರಬ್ಬರು ಬಿರುಕು ಬಿಡುವುದು. ಪೆಟ್ರೋಲ್ ಪೈಪು, ಫ್ಲೋಟಿನ ಸೂಜಿಯ ತುದಿ, ಟ್ಯಾಂಕಿನ ಕಾಕ್‌ನ (ಪೆಟ್ರೋಲ್ ಬಿಡುವ ನಲ್ಲಿಯ) ವಾಷರ್, ಎಲ್ಲದರ ಕತೆಯೂ ಇದೇ.

ಎಥನಾಲ್ ತಡೆಯುವ ರಬ್ಬರ್ ಬೇರೆ ಇದೆ. ಹೊಸ ಗಾಡಿಗಳಲ್ಲಿ ಅದನ್ನೇ ಹಾಕಿರುತ್ತಾರೆ. 2023ರ ಏಪ್ರಿಲ್‌ನಿಂದ ತಯಾರಾದ ಗಾಡಿಗಳ ಬಿಡಿಭಾಗಗಳು ಇ20 ತಡೆಯುವಂಥವು, 2025ರ ಏಪ್ರಿಲ್‌ನಿಂದ ಇಂಜಿನ್ ಟ್ಯೂನಿಂಗೂ ಅದಕ್ಕೇ ಎಂಬುದು ಸರ್ಕಾರ ಹಾಕಿಕೊಂಡ ದಾರಿ. ನಿಮ್ಮ ಮೂರೂ ಗಾಡಿ ಅದಕ್ಕಿಂತ ಹಳೆಯವು. ಕಾರಿನ ಮ್ಯಾನ್ಯುಯಲ್ ತೆಗೆದು ನೋಡಿ, ಎಥನಾಲ್ 10 ಪರ್ಸೆಂಟ್ ಮೀರಬಾರದು ಎಂಬಂಥ ಸಾಲು ಇದ್ದರೂ ಇರಬಹುದು.

ಸಚಿವಾಲಯವೂ 2025ರ ಆ ಹೇಳಿಕೆಯಲ್ಲಿ ಒಂದು ಮಾತು ಒಪ್ಪಿಕೊಂಡಿದೆ. ಹಳೇ ಗಾಡಿಗಳಲ್ಲಿ 20ರಿಂದ 30 ಸಾವಿರ ಕಿಲೋಮೀಟರ್ ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಾಯಿಸಬೇಕಾಗಬಹುದು, ಖರ್ಚು ಕಡಿಮೆ ಎಂದು. ಸ್ಕೂಟರ್ ವಿಷಯದಲ್ಲಿ ಈ ಮಾತು ಸರಿ. ಪೈಪು, ಬೌಲ್ ರಿಂಗು, ಸೂಜಿ, ಕ್ಲೀನಿಂಗ್ ಕೂಲಿ ಎಲ್ಲಾ ಸೇರಿ ಕೆಲವು ನೂರು ರೂಪಾಯಿಯ ಬಾಬತ್ತು. ಕಾರಿನಲ್ಲಿ ಅದೇ ಒಂದು ಓ-ರಿಂಗ್ ಟ್ಯಾಂಕಿನೊಳಗಿನ ಪಂಪ್ ಅಸೆಂಬ್ಲಿಯಲ್ಲಿ ಇದ್ದರೆ, ಹಿಂದಿನ ಸೀಟು ಎತ್ತಬೇಕು, ಕೆಲವು ಕಾರುಗಳಲ್ಲಿ ಟ್ಯಾಂಕನ್ನೇ ಇಳಿಸಬೇಕು. ರಿಂಗಿನ ಬೆಲೆ ಹತ್ತಿಪ್ಪತ್ತು ರೂಪಾಯಿ, ಕೂಲಿ ಸಾವಿರಗಟ್ಟಲೆ. ಕೆಲವರು ರಿಂಗ್ ಬಿಡಿಯಾಗಿ ಸಿಗಲ್ಲ, ಅಸೆಂಬ್ಲಿಯನ್ನೇ ಹಾಕಬೇಕು ಅನ್ನುತ್ತಾರೆ. "ಖರ್ಚು ಕಡಿಮೆ" ಅನ್ನುವುದು ಬಿಡಿಭಾಗದ ರೇಟು ನೋಡಿ ಬರೆದ ಮಾತು, ಬಿಲ್ಲು ನೋಡಿ ಬರೆದದ್ದಲ್ಲ.

ಸ್ಕೂಟರಿಗೆ ಮಾಡಬೇಕಾದ್ದು ಇಷ್ಟು. ಕಾರ್ಬೊರೇಟರ್ ಬಿಚ್ಚಿ ಕ್ಲೀನ್ ಮಾಡಿಸಿ, ರಬ್ಬರ್ ಎಲ್ಲಾ ಹೊಸದು ಹಾಕಿಸಿ. ಮಿಕ್ಸ್ಚರ್ ಸ್ಕ್ರೂ ಸ್ವಲ್ಪ ರಿಚ್ ಕಡೆಗೆ, ಅಂದರೆ ಇಂಧನ ಜಾಸ್ತಿ ಹೋಗುವ ಕಡೆಗೆ, ತಿರುಗಿಸಲು ಹೇಳಿ. ಅದರಲ್ಲೂ ತಡವರಿಕೆ ಹೋಗದಿದ್ದರೆ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕುವ ಮೆಕ್ಯಾನಿಕ್‌ಗಳಿದ್ದಾರೆ, ಪ್ಲಗ್ ಬಣ್ಣ ನೋಡಿಕೊಂಡು ಮಾಡಿದರೆ ತಪ್ಪಿಲ್ಲ. ಮೈಲೇಜ್ ವಿಷಯಕ್ಕೆ ಬಂದರೆ, ವರ್ಷಕ್ಕೆ 6 ಸಾವಿರ ಕಿಲೋಮೀಟರ್ ಓಡುವ, 45 ಕೊಡುವ ಸ್ಕೂಟರಿನಲ್ಲಿ 4 ಪರ್ಸೆಂಟ್ ಇಳಿತ ಅಂದರೆ ವರ್ಷಕ್ಕೆ ಐದೂವರೆ ಲೀಟರ್. ಆರುನೂರು ರೂಪಾಯಿಯೂ ಆಗುವುದಿಲ್ಲ.

ಮಗನ ಬೈಕು ನನಗೆ ಇವೆರಡಕ್ಕಿಂತ ಜಾಸ್ತಿ ಚಿಂತೆ ಹುಟ್ಟಿಸಿದೆ. ಓಡುವ ಗಾಡಿಗೆ ಇ20 ತೊಂದರೆ ಕೊಡುವುದು ನಿಧಾನಕ್ಕೆ. ನಿಂತ ಗಾಡಿಗೆ ಕೊಡುವ ತೊಂದರೆ ಬೇರೆಯೇ.

ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಗಾಳಿಯ ತೇವಕ್ಕೇ ಟ್ಯಾಂಕ್ ಪೂರ್ತಿ ನೀರಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಮೊದಲ ಅರ್ಧ ನಿಜ, ಎರಡನೆಯದು ಬಣ್ಣ ಹಚ್ಚಿದ್ದು. ಹತ್ತು ಪರ್ಸೆಂಟ್ ಬೆರಕೆಯ ಪೆಟ್ರೋಲ್ ತಣ್ಣಗಿರುವಾಗಲೂ ಲೀಟರ್‌ಗೆ 5 ಮಿಲಿ ನೀರನ್ನು ಕರಗಿಸಿ ಇಟ್ಟುಕೊಳ್ಳುತ್ತದೆ, ಇ20 ಅದಕ್ಕಿಂತ ಜಾಸ್ತಿ. ಹತ್ತು ಲೀಟರ್ ಬೇರ್ಪಡಬೇಕಾದರೆ ಅರ್ಧ ಲೋಟ ಟೀಯಷ್ಟಾದರೂ ನೀರು ಒಳಗೆ ಹೋಗಬೇಕು. ಟ್ಯಾಂಕಿನ ಖಾಲಿ ಜಾಗದಲ್ಲಿ ಐದು ಲೀಟರ್ ಗಾಳಿ ಇದೆ ಅನ್ನಿ. 30 ಡಿಗ್ರಿ ಸೆಖೆಯಲ್ಲಿ, ತೇವ ತುಂಬಿ ತುಳುಕುವ ಗಾಳಿಯಲ್ಲೂ ಅಷ್ಟರಲ್ಲಿ ಇರುವ ನೀರು ಎರಡು ಮೂರು ಹನಿ. ಗಾಳಿ ಅಷ್ಟೊಂದು ಸಲ ಒಳಹೊರಗೆ ಆಡುವ ಹೊತ್ತಿಗೆ ವರ್ಷಗಳೇ ಹೋಗುತ್ತವೆ.

ನಿಜವಾದ ನೀರು ಬರುವುದು ಬೇರೆ ದಾರಿಯಲ್ಲಿ. ಮುಚ್ಚಳದ ರಬ್ಬರ್ ಸವೆದು ಮಳೆ ನೀರು ಇಳಿಯುತ್ತದೆ. ವಾಟರ್ ವಾಷ್‌ನಲ್ಲಿ ಪ್ರೆಷರ್ ಗನ್ ನೇರ ಮುಚ್ಚಳಕ್ಕೆ ಹೊಡೆಯುತ್ತಾರೆ. ಮಳೆಗಾಲದಲ್ಲಿ ಬಂಕ್‌ನ ನೆಲದೊಳಗಿನ ಟ್ಯಾಂಕಿಗೆ ನೀರು ಸೇರುತ್ತದೆ. ಮೊದಲಾದರೆ ನೀರು ತಳದಲ್ಲಿ ಬೇರೆಯಾಗಿ ಕೂರುತ್ತಿತ್ತು, ಡೀಲರ್ ಅದನ್ನು ಅಳೆದು ತೆಗೆಸುತ್ತಿದ್ದ. ಈಗ ಸ್ವಲ್ಪ ನೀರು ಬಂದರೆ ಕರಗಿಹೋಗುತ್ತದೆ, ಅದರಿಂದ ಅಂಥ ತೊಂದರೆ ಇಲ್ಲ, ಇಂಜಿನ್‌ನಲ್ಲಿ ಆವಿಯಾಗಿ ಹೋಗುತ್ತದೆ. ಮಿತಿ ದಾಟಿದ ಕ್ಷಣಕ್ಕೆ ಮಾತ್ರ ನೀರು ತನ್ನ ಜೊತೆ ಎಥನಾಲನ್ನೂ ಎಳೆದುಕೊಂಡು ತಳಕ್ಕೆ ಇಳಿಯುತ್ತದೆ. ಗಾಡಿಗೆ ಪೆಟ್ರೋಲ್ ಹೋಗುವುದು ತಳದಿಂದಲೇ ತಾನೇ? ಇಂಜಿನ್‌ಗೆ ಸಿಗುವುದು ಉರಿಯದ ಕಲಗಚ್ಚು. ಮೇಲೆ ಉಳಿದ ಪೆಟ್ರೋಲ್‌ಗೆ ಆಕ್ಟೇನ್, ಅಂದರೆ ಇಂಜಿನ್ ಬಡಿತ ತಡೆಯುವ ಗುಣ, ಕಡಿಮೆ, ತಳದ ನೀರಿಗೆ ಕಬ್ಬಿಣದ ಟ್ಯಾಂಕ್ ಸಿಕ್ಕಿತು. ತುಕ್ಕು ಶುರು.

ಆದ್ದರಿಂದ ಆ ಬೈಕಿಗೆ ಹೊಸ ಪೆಟ್ರೋಲ್ ಸುರಿದು ಕಿಕ್ ಹೊಡೆಯುವ ಕೆಲಸ ಮಾಡಬೇಡಿ. ಹೊರಗೆ, ಗಾಳಿಯಾಡುವ ಕಡೆ ನಿಲ್ಲಿಸಿ, ಹತ್ತಿರ ಬೀಡಿ ಬೆಂಕಿ ಏನೂ ಇರದ ಹಾಗೆ ನೋಡಿಕೊಂಡು, ಕಾಕ್‌ನಿಂದ ಪೈಪ್ ತೆಗೆದು ಮೊದಲು ಬರುವ ಅರ್ಧ ಲೀಟರನ್ನು ಗಾಜಿನ ಬಾಟಲಿಗೆ ಹಿಡಿಯಿರಿ. ಒಂದು ಗಂಟೆ ಅಲುಗಾಡಿಸದೆ ಇಡಿ. ಬಾಟಲಿಯಲ್ಲಿ ಗೆರೆ ಎಳೆದ ಹಾಗೆ ಎರಡು ಪದರ ಕಂಡರೆ, ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಬೇಕು. ಒಂದೇ ಪದರ ಇದ್ದು, ಬಣ್ಣ ಕಡುವಾಗಿ, ವಾರ್ನಿಷ್ ವಾಸನೆ ಬರುತ್ತಿದ್ದರೂ ಖಾಲಿ ಮಾಡಿಸಿ. ಏಳು ತಿಂಗಳಿಗೆ ಪೆಟ್ರೋಲ್ ಹಳಸಿರುತ್ತದೆ, ಎಥನಾಲ್ ಇರಲಿ ಬಿಡಲಿ. ಮೊಬೈಲ್ ಟಾರ್ಚ್ ಬಿಟ್ಟು ಟ್ಯಾಂಕಿನ ಒಳಗೆ ತುಕ್ಕು ನೋಡಿ. ತೆಗೆದ ಪೆಟ್ರೋಲನ್ನು ಮೋರಿಗೆ ಚೆಲ್ಲಬೇಡಿ, ಗ್ಯಾರೇಜಿನವರು ಬಿಡಿಭಾಗ ತೊಳೆಯಲು ತೆಗೆದುಕೊಳ್ಳುತ್ತಾರೆ. ಮುಂದೆ ಗಾಡಿ ನಿಲ್ಲಿಸುವಾಗ ಕಾಕ್ ಮುಚ್ಚಿ, ಇಂಜಿನ್ ತಾನಾಗಿ ಆಫ್ ಆಗುವವರೆಗೆ ಓಡಲು ಬಿಡಿ. ಬೌಲ್ ಖಾಲಿ ಇದ್ದರೆ ಬಿಳೀ ಪುಡಿ ಹುಟ್ಟುವುದಿಲ್ಲ.

ಕೆಲವು ದೊಡ್ಡ ಬಂಕ್‌ಗಳಲ್ಲಿ ಸಿಗುವ 100 ಆಕ್ಟೇನ್ ಪೆಟ್ರೋಲ್‌ನಲ್ಲಿ ಎಥನಾಲ್ ಇರುವುದಿಲ್ಲ. ರೇಟು ಮಾತ್ರ ಮಾಮೂಲಿಯ ಒಂದೂವರೆ ಪಟ್ಟು. ದಿನಾ ಓಡಿಸುವ ಗಾಡಿಗೆ ಅದನ್ನು ಹಾಕಿದರೆ 6 ಪರ್ಸೆಂಟ್ ಉಳಿಸಲು 50 ಪರ್ಸೆಂಟ್ ಕೊಟ್ಟ ಹಾಗೆ. ಆದರೆ ಹಳೇ ಯೆಜ್ಡಿ, ಆರ್‌ಎಕ್ಸ್ 100 ಇಟ್ಟುಕೊಂಡು ತಿಂಗಳಿಗೊಮ್ಮೆ ಹೊರಗೆ ತೆಗೆಯುವವರು ನಿಲ್ಲಿಸುವ ಮುಂಚೆ ಅದೇ ಪೆಟ್ರೋಲ್ ಹಾಕುವುದು ಬುದ್ಧಿವಂತಿಕೆ. 95 ಆಕ್ಟೇನಿನ ಪ್ರೀಮಿಯಂ ಬೇರೆ, ಅದರಲ್ಲಿ ಎಥನಾಲ್ ಇದೆ. ಹಾಗೆ ನೋಡಿದರೆ ಮಾಮೂಲಿ ಇ20 ಕೂಡ ಈಗ 95 ಆಕ್ಟೇನೇ, ಮೊದಲು 91 ಇತ್ತು. ಹೊಸ ಇಂಜಿನ್‌ಗೆ ಇದರಿಂದ ಲಾಭ ಇದೆ. 91ಕ್ಕೆಂದು ಮಾಡಿದ 2014ರ ಇಂಜಿನ್‌ಗೆ ಹೆಚ್ಚೇನೂ ಸಿಗುವುದಿಲ್ಲ.

ಬಂಕಿನವರು 20ಕ್ಕಿಂತ ಜಾಸ್ತಿ ಬೆರೆಸುತ್ತಿದ್ದಾರೆ ಅನ್ನುವ ಅನುಮಾನ ನಿಮಗೂ ಇದ್ದರೆ ಗ್ಯಾರೇಜಿನಲ್ಲಿ ಒಂದು ಪರೀಕ್ಷೆ ಮಾಡಿಸಬಹುದು. 100 ಮಿಲಿಯ ಅಳತೆ ಜಾರಿಗೆ 10 ಮಿಲಿ ನೀರು, 90 ಮಿಲಿ ಪೆಟ್ರೋಲ್. ಮುಚ್ಚಿ ಕುಲುಕಿ, ಕೂರಲು ಬಿಡಬೇಕು. ಎಥನಾಲ್ ಪೆಟ್ರೋಲ್ ಬಿಟ್ಟು ನೀರಿನ ಕಡೆ ಹೋಗುತ್ತದೆ. ತಳದ ಪದರ 10ರಿಂದ 27, 28ಕ್ಕೆ ಏರಿದ್ದರೆ ಅದು ಇ20. 35, 40 ತೋರಿಸಿದರೆ ದೂರು ಕೊಡಿ. ನಾವು ಮಾಡಿದ ಸಲವೆಲ್ಲ 28ರ ಹತ್ತಿರವೇ ನಿಂತಿದೆ.

ಅಗ್ಗವಾದರೂ ಆಗಬೇಕಿತ್ತಲ್ವಾ ಅನ್ನುವ ಪ್ರಶ್ನೆ ನೀವು ಕೇಳಿಲ್ಲ, ಆದರೆ ಖರ್ಚಿನ ಮಾತಿನಲ್ಲಿ ಅದೇ ದೊಡ್ಡದು. ಎಥನಾಲ್ ಹಾಕಿದರೆ ಪೆಟ್ರೋಲ್ ಅಗ್ಗ ಎಂದು ನಾವೆಲ್ಲ ಅಂದುಕೊಂಡಿದ್ದೆವು. ನೀತಿ ಆಯೋಗದ ಅದೇ ವರದಿ ಮೈಲೇಜ್ ನಷ್ಟಕ್ಕೆ ಸರಿದೂಗುವಂತೆ ತೆರಿಗೆ ಇಳಿಸಿ ಎಂದೂ ಸಲಹೆ ಕೊಟ್ಟಿತ್ತು. ಆದದ್ದೇ ಬೇರೆ. ತೈಲ ಕಂಪನಿಗಳು ಎಥನಾಲ್‌ಗೆ ಕೊಡುವ ಸರಾಸರಿ ಬೆಲೆ 2025ರ ಜುಲೈ ಕೊನೆಗೆ ಸಾಗಣೆ, ಜಿಎಸ್‌ಟಿ ಸೇರಿ ಲೀಟರ್‌ಗೆ 71.32 ರೂಪಾಯಿ. ಸಂಸ್ಕರಿಸಿದ ಪೆಟ್ರೋಲ್‌ಗೆ ಬೀಳುವ ಖರ್ಚಿಗಿಂತ ಇದೇ ಜಾಸ್ತಿ ಎಂದು ಸರ್ಕಾರವೇ ಹೇಳಿತು. ಅಂದಮೇಲೆ ಬಂಕ್‌ನಲ್ಲಿ ಇಳಿಯುವುದು ಎಲ್ಲಿಂದ? ಇನ್ನೊಂದು ಸೂಕ್ಷ್ಮ ಇದೆ. ನಾವು ಕೊಳ್ಳುವುದು ಲೀಟರ್ ಲೆಕ್ಕದಲ್ಲಿ, ಬೇಕಾದದ್ದು ಕಿಲೋಮೀಟರ್. ಅದೇ ದೂರಕ್ಕೆ 50 ಲೀಟರ್ ಜಾಸ್ತಿ ಕೊಂಡರೆ ಆ 50 ಲೀಟರಿನ ಮೇಲಿನ ತೆರಿಗೆಯನ್ನೂ ಕೊಟ್ಟಂತೆ. ಕರ್ನಾಟಕದಲ್ಲಿ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ 29.84 ಪರ್ಸೆಂಟ್‌ಗೆ ಏರಿದೆ, ಕೇಂದ್ರದ ಸುಂಕ ಬೇರೆ.

ಬ್ರೆಜಿಲ್ ನೋಡಿ ಎಂದು ಎಲ್ಲರೂ ಅನ್ನುತ್ತಾರೆ. ನೋಡೋಣ. ಅಲ್ಲಿ 2025ರ ಆಗಸ್ಟ್‌ನಿಂದ ಪೆಟ್ರೋಲ್‌ನಲ್ಲೇ 30 ಪರ್ಸೆಂಟ್ ಎಥನಾಲ್. ಆದರೆ ಆ ದೇಶ ಈ ಕೆಲಸ ಶುರು ಮಾಡಿದ್ದು 1975ರಲ್ಲಿ, ಯಾವ ಬೆರಕೆಗೂ ಓಡುವ ಕಾರು ಬಂದದ್ದು 2003ರಲ್ಲಿ. ಅಲ್ಲಿನ ಬಂಕ್‌ನಲ್ಲಿ ಪೆಟ್ರೋಲ್ ಪಕ್ಕದಲ್ಲೇ ಬರೀ ಎಥನಾಲ್ ಪಂಪೂ ಇರುತ್ತದೆ. ಎಥನಾಲ್ ರೇಟು ಪೆಟ್ರೋಲಿನ 70 ಪರ್ಸೆಂಟಿಗಿಂತ ಕಡಿಮೆ ಇದ್ದರೆ ಅದು, ಇಲ್ಲದಿದ್ದರೆ ಇದು ಎಂದು ಅಲ್ಲಿಯ ಜನ ಬೋರ್ಡ್ ನೋಡಿಯೇ ಲೆಕ್ಕ ಹಾಕುತ್ತಾರೆ. ಬ್ರಿಟನ್‌ನಲ್ಲಿ 2021ರಲ್ಲಿ 10 ಪರ್ಸೆಂಟ್ ತಂದಾಗ ಹಳೇ ಕಾರಿನವರಿಗೆಂದು 5 ಪರ್ಸೆಂಟಿನ ಪೆಟ್ರೋಲ್ ಉಳಿಸಿದರು. ನಮ್ಮಲ್ಲಿ ಎಥನಾಲ್ ಇಲ್ಲದ ಪೆಟ್ರೋಲೂ ಸಿಗಲಿ ಎಂದು ಹಾಕಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಹಾಗಾಗಿ ಸದ್ಯಕ್ಕೆ ಇರುವುದರಲ್ಲೇ ಓಡಿಸಬೇಕು.

ಇದನ್ನೆಲ್ಲ ಹೇಳಿದರೆ ಕಬ್ಬಿನ ರೈತರ ವಿರುದ್ಧವಾ ಅನ್ನುತ್ತಾರೆ. ಅಲ್ಲ. 2025ರ ನವೆಂಬರಿನಲ್ಲಿ ಬೆಳಗಾವಿಯ ಗುರ್ಲಾಪುರದಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೊಡಿ ಎಂದು ದಿನಗಟ್ಟಲೆ ರಸ್ತೆಯಲ್ಲಿ ಕೂತಿದ್ದರು. ಎಥನಾಲ್ ದುಡ್ಡು ಅವರ ಕೈಗೆ ಎಷ್ಟು ಸೇರಿದೆ ಅನ್ನುವುದು ಅಲ್ಲೇ ಕಾಣುತ್ತದೆ.

ವಾರಂಟಿ, ಇನ್ಶೂರೆನ್ಸ್ ಹೆದರಿಕೆ ಬೇಡ. ನಿಮ್ಮ ಗಾಡಿಗಳ ವಾರಂಟಿ ಯಾವತ್ತೋ ಮುಗಿದಿದೆ. ಇ20 ಹಾಕಿದರೆ ಇನ್ಶೂರೆನ್ಸ್ ಹೋಗುತ್ತದೆ ಎಂಬ ಸುದ್ದಿಗೆ ಆಧಾರ ಇಲ್ಲ ಎಂದು ಸಚಿವಾಲಯ ಹೇಳಿಯಾಗಿದೆ.

ಮೊದಲು ನಾಳೆ ಬೆಳಗ್ಗೆ ಒಂದು ಕೆಲಸ ಮಾಡಿ. ಸ್ಕೂಟರಿನ ಸೀಟು ಎತ್ತಿ ಪೆಟ್ರೋಲ್ ಪೈಪನ್ನು ಎರಡು ಬೆರಳಲ್ಲಿ ಮಡಿಸಿ ನೋಡಿ. ಮಡಿಕೆಯಲ್ಲಿ ಒಣ ನೆಲ ಬಿರಿದ ಹಾಗೆ ಸಣ್ಣ ಗೆರೆ ಕಂಡರೆ ಅವತ್ತು ಗಾಡಿ ತೆಗೆಯಬೇಡಿ. ಆ ಪೈಪಿನ ಕೆಳಗೇ ಬಿಸಿ ಇಂಜಿನ್ ಇದೆ. ಅಂಗಡಿಯಲ್ಲಿ ಇ20ಗೆ ಆಗುವ ಪೈಪೇ ಬೇಕು ಅಂತ ಕೇಳಿ ತನ್ನಿ, ಮೀಟರ್ ಲೆಕ್ಕದ ಮಾಮೂಲಿ ಕಪ್ಪು ಪೈಪ್ ಬೇಡ. ಕ್ಲಿಪ್ಪೂ ಹೊಸದೇ ಹಾಕಿಸಿ.